ಕಿವಿಗೆ ಹೋದದ್ದು ಬಣ್ಣಕ್ಕಿಲ್ಲ

ನಮ್ಮವರು ಬೆಳಿಗ್ಗೆ ಎದ್ದು ಮೊದಲು ನೋಡುವ ಮುಖ ಕಾರಿನದು. ನನ್ನದಲ್ಲ, ದೇವರದೂ ಅಲ್ಲ. ಬೆಳಕು ಹರಿಯುತ್ತಿದ್ದ ಹಾಗೆ ಸ್ನಾನ ಮುಗಿಸಿ, ಹಣೆಗೆ ನಾಮ ಎಳೆದು, ಹೆಗಲ ಮೇಲೆ ಮೆತ್ತನೆಯ ಹಳೇ ಬಟ್ಟೆಯೊಂದನ್ನು ಹಾಕಿಕೊಂಡು ಅವರು ದೇವಾಜಮ್ಮಣ್ಣಿಯವರ ಶೆಡ್ಡಿಗೆ ಹೊರಡುತ್ತಾರೆ. ಅಲ್ಲಿ ಬಾಗಿಲು ಮುಚ್ಚಿಕೊಂಡು, ಕಾರಿನ ಮುಂದೆ ಮಣೆ ಹಾಕಿ ಕೂತು, ಕಾವ್ಯ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಕಾರು ರಸ್ತೆಗೆ ಇಳಿಯುತ್ತದೆ.

ನಮ್ಮೂರಿನ ರಸ್ತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಗ್ಗುಲಿಗೆ ಜಲ್ಲಿ ಕ್ವಾರಿ, ಇನ್ನೊಂದು ಮಗ್ಗುಲಿಗೆ ಕೆರೆ. ಲಾರಿಗಳ ಚಕ್ರದಿಂದ ಸಿಡಿಯುವ ಜಲ್ಲಿಚೂರು ಹಿಂದೆ ಬರುವ ಕಾರಿನ ಮುಖಕ್ಕೇ ಬಡಿಯುತ್ತದೆ. ಕೆರೆಯ ಕಡೆಯಿಂದ ಏಳುವ ಹುಳುಗಳು ಬಾನೆಟ್ಟಿಗೆ ಬಿದ್ದು ಒಡೆದರಂತೂ ಅವುಗಳ ರಸ ಬಿಸಿಲಿಗೆ ಒಣಗಿ ಬಣ್ಣವನ್ನೇ ತಿನ್ನುತ್ತದೆ. ಆದರೆ ಕಾವ್ಯ ಹೇಳಿಸಿಕೊಂಡ ಕಾರಿನ ಹತ್ತಿರ ಬಂದ ಕಲ್ಲು ಗೇಣು ದೂರದಲ್ಲೇ ಪಕ್ಕಕ್ಕೆ ಹೊರಳುತ್ತದೆ. ಹುಳು ಒಂದು ಕ್ಷಣ ಗಾಳಿಯಲ್ಲಿ ನಿಂತು, ಏನೋ ಮರೆತು ಬಂದವರ ಹಾಗೆ ತಿರುಗಿ ಹೋಗುತ್ತದೆ. ಪದ್ಯವೇ ಆಗಬೇಕು. ಹಿಂದೊಮ್ಮೆ ಮೇಷ್ಟ್ರೊಬ್ಬರು ದಿನಪತ್ರಿಕೆ ಓದಿ ನೋಡಿದರಂತೆ, ಹೆಡ್‌ಲೈಟೇ ಒಡೆಯಿತಂತೆ. ಬಸ್ಸಿಗೆ ಭಜನೆ ಸಾಕು. ಸರ್ಕಾರಿ ಜೀಪಿಗೆ ಗಾದೆ ಹೇಳಿ ಕಳಿಸುತ್ತಾರೆ. ಮದುವೆಯ ಕಾರಿಗೆ ಮಾತ್ರ ಷಟ್ಪದಿಯೇ ಬೇಕು, ಯಾಕೆಂದರೆ ಮುಖ ಒಡೆದ ಕಾರಿಗೆ ಈ ಸೀಮೆಯಲ್ಲಿ ಮದುಮಕ್ಕಳು ಹತ್ತುವುದಿಲ್ಲ. ದೇವಾಜಮ್ಮಣ್ಣಿಯವರದು ಮದುವೆಗೆ ಬಾಡಿಗೆ ಹೋಗುವ ಕಾರು.

ಇದೆಲ್ಲ ಸರಿ. ಇದರ ಜೊತೆಗೆ ಇನ್ನೊಂದು ಮಾತಿದೆ, ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ. ಕಾರಿಗೆ ಹೇಳುವ ಕಾವ್ಯವನ್ನು ಮನುಷ್ಯರು ಕೇಳಬಾರದು. ಕಿವಿಗೆ ಹೋದದ್ದು ಬಣ್ಣಕ್ಕಿಲ್ಲ ಎಂದು ಊರಿನ ಮಾತು. ಯಾರಾದರೂ ಕೇಳಿಸಿಕೊಂಡರೆ ಅಷ್ಟು ಪದ್ಯ ಅವರ ಕಿವಿಗೆ ಇಳಿದುಹೋಗಿ, ಕಾರಿನ ಮೇಲೆ ಅಷ್ಟು ಜಾಗ ಬರಿದಾಗಿ ಉಳಿಯುತ್ತದೆಯಂತೆ. ಆದ್ದರಿಂದ ಬೆಳಗಿನ ಹೊತ್ತು ಶೆಡ್ಡುಗಳ ಮುಂದೆ ಹಾಯುವವರು ಟವೆಲ್ಲನ್ನು ಕಿವಿಗೆ ಸುತ್ತಿಕೊಂಡು ಹೋಗುತ್ತಾರೆ. ಹಾಲಿನವನು ತನ್ನ ಕಿವಿಗೆ ಏನೂ ಬೀಳದಿರಲೆಂದು ಸೈಕಲ್ಲಿನ ಬೆಲ್ಲನ್ನು ಬಿಡದೆ ಬಾರಿಸುತ್ತಾನೆ. ಕಾರಿಗೆ ಮಾತು ಕೊಟ್ಟ ಗಮಕಿ ಮನೆಯಲ್ಲೂ ಕಾವ್ಯಕ್ಕೆ ಬಾಯಿ ತೆರೆಯುವಂತಿಲ್ಲ. ನಮ್ಮವರು ಮನೆಯಲ್ಲಿ ಬರೀ ಗದ್ಯ. ಉಪ್ಪು. ಸಾಕು. ಬಾಗಿಲು ಹಾಕ್ಕೋ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ನನ್ನ ತವರಿನಲ್ಲಿ ಕಾವ್ಯ ಮನುಷ್ಯರದಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಪಡಸಾಲೆಯಲ್ಲಿ ಕೂತು ಕುದುರೆಯ ಕಾವ್ಯ ಹೇಳುತ್ತಿದ್ದರು. ಒಡೆಯನನ್ನು ದಡದಲ್ಲಿ ಬಿಟ್ಟು ಒಂಟಿಯಾಗಿ ಹೊಳೆ ದಾಟಿದ ಕುದುರೆಯ ಕಥೆ ಅದು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ನನಗೆ ಬೇರೆ ಪೂಜೆ ಯಾರೂ ಕಲಿಸಲಿಲ್ಲ. ಕೈ ಮುಗಿಯುವುದೂ ಒಂದೇ, ಕಿವಿ ತೆರೆಯುವುದೂ ಒಂದೇ ಎನ್ನುತ್ತಿದ್ದರು ಅಪ್ಪ. ಸಿಂಗ್ರಯ್ಯನವರು, ಅಂದರೆ ನಮ್ಮವರು, ಅಪ್ಪನ ಹತ್ತಿರ ಕಾವ್ಯ ಕಲಿಯಲು ಬಂದಿದ್ದರು. ಹೊಳೆ ದಾಟುವ ಸಂಧಿಯನ್ನು ಅವರು ಹೇಳಿದ್ದನ್ನು ಒಂದು ಸಂಜೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ಅವರು ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಏನಮ್ಮ?" ಎಂದರು. "ಆಗಬಹುದು" ಎಂದೆ. ನಾನು ಮದುವೆಯಾದದ್ದು ಆ ಧ್ವನಿಯನ್ನು. ಹೊಸದರಲ್ಲಿ ಕೆಲವು ಸಂಜೆ ನನಗಾಗಿ ಹೇಳಿದ್ದೂ ಉಂಟು. ಆಮೇಲೆ ಅಪ್ಪ ತೀರಿಕೊಂಡರು, ಇವರು ಕಾರಿಗೆ ಮಾತು ಕೊಟ್ಟರು, ನನ್ನ ಪಾಲಿಗೆ ಕಾವ್ಯ ನಿಂತಿತು.

ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ನನ್ನ ಉರಿ ಗೊತ್ತು. ಅಂಗಳ ಗುಡಿಸುವ ನೆಪದಲ್ಲಿ ಬೇಲಿಯ ಹತ್ತಿರ ಬಂದು ಕೇಳುತ್ತಾಳೆ.

"ಚೂಡಮ್ಮ, ನಿನ್ ಸವತಿ ಮುಖ ತೊಳ್ಕೊಂಡ್ಲಾ ಇವತ್ತು?"

"ತೊಳಿಸ್ಕೊತಾ ಇದ್ದಾಳೆ. ಹೋಗಿ ಸೀಗೇಪುಡಿ ಕೊಟ್ಟು ಬಾ."

"ನಾನ್ಯಾಕೆ ಕೊಡ್ಲಿ? ನಿನ್ ಸೀರೆನೇ ಹೋಗಿದ್ಯಲ್ಲ."

ಅದೂ ನಿಜ. ಹೇಳಿಸಿಕೊಂಡ ಕಾವ್ಯ ಓಡಾಟದಲ್ಲಿ ಸವೆಯುತ್ತದೆ, ವಾಪಸು ಬರುವ ಹೊತ್ತಿಗೆ ಒಂದೋ ಎರಡೋ ಹುಳು ಅಂಟಿರುತ್ತವೆ. ಅವನ್ನು ಉಜ್ಜಿ ತೆಗೆಯಬಾರದು. ಬಟ್ಟೆ ನೆನೆಸಿ ಮೇಲೆ ಹೊದಿಸಿ, ಕಲೆ ಮೆತ್ತಗಾಗುವ ತನಕ ಕಾದು, ಮಗುವಿನ ಮೂಗು ಒರೆಸಿದ ಹಾಗೆ ಒರೆಸಬೇಕು. ಅದಕ್ಕೆ ಮೆತ್ತನೆಯ ಬಟ್ಟೆಯೇ ಆಗಬೇಕೆಂದು ನನ್ನ ವಾಯಿಲ್ ಸೀರೆಯನ್ನು ಹರಿದುಕೊಂಡು ಹೋಗಿದ್ದರು. ನನ್ನ ಮುಖವನ್ನು ಅವರು ಅಷ್ಟು ಜೋಪಾನವಾಗಿ ಒರೆಸಿದ್ದು ನನಗೆ ನೆನಪಿಲ್ಲ.

ಊರಿನವರು ನನ್ನ ಹೊಟ್ಟೆಕಿಚ್ಚು ದೇವಾಜಮ್ಮಣ್ಣಿಯವರ ಮೇಲೆ ಎಂದುಕೊಂಡಿದ್ದರು. ಪಾಪ, ಅವರು ಏನು ಮಾಡಿದ್ದರು? ಕಾರನ್ನು ತಾವೇ ಓಡಿಸುವ, ಸೆರಗು ಸೊಂಟಕ್ಕೆ ಸಿಕ್ಕಿಸಿ ಟೈರು ಬದಲಾಯಿಸುವ ಹೆಂಗಸು. ನಮ್ಮವರು ಒಳಗಿದ್ದಷ್ಟು ಹೊತ್ತು ಅವರೂ ಕಿವಿಗೆ ಹತ್ತಿ ಇಟ್ಟುಕೊಂಡು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದರು. ನನ್ನ ಕಿಚ್ಚು ಕಾರಿನ ಮೇಲೆಯೇ. ಕುಂಕುಮಕ್ಕೆ ಎಣ್ಣೆ ಹಾಕಿ ಕಲಸಿದಂಥ ಅದರ ಬಣ್ಣ, ಅದರ ದುಂಡು ಕಣ್ಣು, ಹೊಟ್ಟೆ ತುಂಬ ಕೇಳಿಸಿಕೊಂಡು ಬಂದವರ ಹಾಗೆ ನಗುವ ಅದರ ಗ್ರಿಲ್ಲು. ರಸ್ತೆಯಲ್ಲಿ ಎದುರಾದರೆ ನಾನು ಮುಖ ತಿರುಗಿಸುತ್ತಿದ್ದೆ. ಇದಕ್ಕೆ ಏನು ಕೇಳಿಸಿರಬಹುದು? ಯಾವ ಪದ್ಯಕ್ಕೆ ಇದರ ಕಣ್ಣು ತುಂಬಿತು? ಎಲ್ಲಿ ಉಸಿರು ಹಿಡಿಯಿತು? ತಗಡಿಗೆ ಕೊಟ್ಟದ್ದನ್ನು ತಾಳಿ ಕಟ್ಟಿಸಿಕೊಂಡವಳಿಗೆ ಕೊಡಲಿಲ್ಲ.

ಒಂದು ಸಲ ಕೇಳಿಯೂ ನೋಡಿದೆ. "ಏನ್ರೀ, ಹಬ್ಬದ ದಿನ ಕಾರು ಹೊರಡಲ್ಲ. ಅವತ್ತಾದ್ರೂ ನಂಗೊಂದು ಪದ್ಯ ಹೇಳ್ಬಾರ್ದಾ?"

"ಕಡಿಮೆ ಬೀಳತ್ತೆ ಕಣೇ."

"ಶೆಡ್ಡಲ್ಲಿ ನಿಂತಿರೋ ಕಾರಿಗೆ ಯಾವ ಕಲ್ಲು ಬಂದು ಹೊಡಿಯತ್ತೆ?"

"ನಾಳೆಗೆ ಬೇಕಲ್ಲ," ಎಂದು ಎಲೆ ಮಡಚಿ ಎದ್ದರು.

ಹೀಗಿರುವಾಗ ಊರಿಗೆ ಸಿರಾಜ್ ಸಾಹೇಬರು ಬಂದರು. ದೂರದ ಊರಿನವರು, ಬಗಲಲ್ಲಿ ಚಾಪೆಯ ಹಾಗೆ ಸುತ್ತಿದ ಒಂದು ಹಾಳೆ. ಆಚೆ ಇದ್ದದ್ದು ಈಚೆಗೆ ಕಾಣುವಷ್ಟು ತಿಳಿಯಾದ ಹಾಳೆ, ಮುಟ್ಟಿದರೆ ಹಲಸಿನ ತೊಳೆಯ ಹಾಗೆ ಮೆತ್ತಗೆ. ಸೋಪಿನ ನೀರು ಚಿಮುಕಿಸಿ ಕಾರಿನ ಮುಖಕ್ಕೆ ಅದನ್ನು ಹೊದಿಸಿ, ರಬ್ಬರಿನ ಪಟ್ಟಿಯಿಂದ ನೀರನ್ನು ತೀಡಿ ಹೊರಹಾಕಿದರೆ ಹಾಳೆ ಇದೆಯೆಂಬುದೇ ತಿಳಿಯದು. ಬಿದ್ದ ಕಲ್ಲು ಹಾಳೆಗೆ ಬಿತ್ತು, ಒಡೆದ ಹುಳು ಹಾಳೆಯ ಮೇಲೆ ಒಡೆಯಿತು, ಬಣ್ಣ ಒಳಗೆ ತಣ್ಣಗೆ ಇರುತ್ತದೆ. ಪೆಟ್ರೋಲ್ ಬಂಕಿನ ಮುಂದೆ ಹಳೇ ಕಾರೊಂದರ ಬಾಗಿಲಿಗೆ ಅಂಟಿಸಿ, ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಗೀಚಿ, ಮೇಲೆ ಬಿಸಿನೀರು ಸುರಿದರು. ನೋಡುತ್ತಿದ್ದ ಹಾಗೆ ಗೀಚು ಮಾಯವಾಯಿತು. ಜನ ಹಿಂದಕ್ಕೆ ಸರಿದರು.

"ಇದು ಕಣ್ಕಟ್ಟು," ಎಂದರು ಯಾರೋ. "ಎಲ್ಲಾದ್ರೂ ಗಾಯ ಬಿಸಿನೀರಿಗೆ ಹೋಗತ್ತಾ?"

"ಕಣ್ಕಟ್ಟಲ್ಲ ಸ್ವಾಮಿ, ಹಾಳೆ," ಎಂದರು ಸಿರಾಜ್. "ನೀವು ಕಾರಿಗೆ ಪದ್ಯ ಹೇಳ್ತೀವಿ ಅಂದ್ರಿ, ನಾನು ನಂಬಲಿಲ್ವಾ? ನೀವೂ ಸ್ವಲ್ಪ ನನ್ನ ಹಾಳೆ ನಂಬಿ."

ನಾನು ಗುಂಪಿನ ಹಿಂದೆ ತರಕಾರಿ ಚೀಲ ಹಿಡಿದು ನಿಂತಿದ್ದೆ. ಆ ಹಾಳೆ ನನಗೆ ಪ್ರಸಾದದ ಹಾಗೆ ಕಂಡಿತು. ಹಾಳೆ ಹೊದ್ದ ಕಾರಿಗೆ ಕಾವ್ಯ ಬೇಡ. ಕಾರಿಗೆ ಬೇಡವಾದ ಧ್ವನಿ ಎಲ್ಲಿಗೆ ಹೋಗುತ್ತದೆ? ಮನೆಗೇ ತಾನೇ ಬರಬೇಕು? ಚೀಲವನ್ನು ಮನೆಯಲ್ಲಿಟ್ಟು ನೇರ ದೇವಾಜಮ್ಮಣ್ಣಿಯವರ ಹತ್ತಿರ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅಮ್ಮಣ್ಣಿ, ಆ ಸಾಹೇಬರ ಹಾಳೆ ನೋಡಿದ್ರಾ? ನಮ್ಮವರಿಗೂ ವಯಸ್ಸಾಯ್ತು. ಬೆಳಗಿನ ಚಳಿಗೆ ಗಂಟಲು ಕಟ್ಟತ್ತೆ."

"ಅವರ ಗಂಟಲು ಕಟ್ಟತ್ತೋ, ನಿನ್ ಹೊಟ್ಟೆ ಉರಿಯತ್ತೋ?"

ನಾನು ಸೆರಗು ಸರಿಮಾಡಿಕೊಂಡೆ. ಅವರು ನಕ್ಕರು, ಆದರೆ ಕೆಟ್ಟ ನಗೆಯಲ್ಲ.

"ಗಂಡನ ಕೆಲಸಕ್ಕೆ ನೀನೇ ಕಲ್ಲು ಹಾಕ್ತಿದೀಯ ಚೂಡಮ್ಮ. ಆಗ್ಲಿ, ಪರೀಕ್ಷೆ ಮಾಡೋಣ. ಕಾರಿನ ಮುಖದ ಬಲಗಡೆ ಹಾಳೆ, ಎಡಗಡೆ ಪದ್ಯ. ಕ್ವಾರಿ ಲಾರಿಗಳ ಹಿಂದೆನೇ ಓಡಿಸ್ಕೊಂಡು ಹೋಗಿ, ಕೆರೆ ಏರಿ ಮೇಲೆ ಬರ್ತೀನಿ. ಯಾವ ಕಡೆ ಉಳಿಯತ್ತೋ ನೋಡಿ, ಆಮೇಲೆ ಪೂರ್ತಿ ಮುಖಕ್ಕೆ ಅದೇ."

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಊಟಕ್ಕೆ ಕೂತಾಗ ನಮ್ಮವರು ತಲೆ ಎತ್ತದೆ ಕೇಳಿದರು, "ನೀನು ಹೋಗಿದ್ಯಂತೆ."

"ಹೂಂ."

"ಹಾಳೆ ಗೆದ್ರೆ ನಾನೇನು ಮಾಡ್ಲಿ?"

"ಮನೇಲಿ ಹೇಳಿ. ನಾನು ಕೇಳ್ತೀನಿ."

ಅವರು ಅನ್ನವನ್ನು ಬಹಳ ಹೊತ್ತು ಕಲಸಿದರು. "ಕೇಳ್ತೀಯ," ಎಂದರು. ಆ ಮಾತಿನಲ್ಲಿ ಏನೋ ಇತ್ತು. ನನಗೆ ಅದು ತಿಳಿಯಲಿಲ್ಲ, ತಿಳಿಯುವ ಮನಸ್ಸೂ ಇರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಸಿರಾಜ್ ಬಲಗಡೆಗೆ ಹಾಳೆ ಹೊದಿಸಿದರು. ಬೆಳಿಗ್ಗೆ ನಮ್ಮವರು ಎಡಗಡೆಗೆ ಹೇಳಲು ಹೋದರು. ಅವರ ಹಿಂದೆಯೇ ನಾನೂ ಹೋದೆ. ಶೆಡ್ಡಿನ ಬೆನ್ನಿಗೆ ಒಂದು ಸೌದೆ ಕೊಟ್ಟಿಗೆ ಇದೆ, ನಡುವೆ ಬರೀ ಹಲಗೆಯ ಗೋಡೆ. ನಾನು ಯಾಕೆ ಹೋಗುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೇಳಿಬಿಡಬೇಕು. ಒಂದಕ್ಷರವೂ ಬಣ್ಣಕ್ಕೆ ಉಳಿಯದ ಹಾಗೆ ಎಲ್ಲವನ್ನೂ ಕುಡಿದುಬಿಡಬೇಕು. ಆ ನಗುವ ಮುಖ ಜಲ್ಲಿ ತಿಂದು, ಹುಳು ತಿಂದು, ಸಿಡುಬು ಎದ್ದವರ ಹಾಗೆ ವಾಪಸು ಬರಬೇಕು. ಸೌದೆಯ ನಡುವೆ ಮುದುರಿ ಕೂತು ಹಲಗೆಗೆ ಕಿವಿ ಒತ್ತಿದೆ. ಒಳಗೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ,

ತೊರೆಯ ದಾಟಿದ ಕುದುರೆ ನಿಂತಿತು
ಕೊರಳ ಗೆಜ್ಜೆಯ ಸದ್ದು ಅಡಗಿತು
ಮರಳಿ ನೋಡಿತು ಬಿಟ್ಟ ದಡದಲಿ ನಿಂತ ಒಡೆಯನನು

ಧ್ವನಿಗೆ ವಯಸ್ಸಾಗಿತ್ತು. ಮೊದಲಿನ ಬೆಣ್ಣೆ ಇರಲಿಲ್ಲ, ಬೆಲ್ಲದ ಕೊಪ್ಪರಿಗೆಯ ತಳ ಕೆರೆದ ಹಾಗೆ ಒಂದು ಗರಗರ ಸೇರಿಕೊಂಡಿತ್ತು. ಕೇಳುತ್ತ ಕೇಳುತ್ತ ನಾನು ಬಂದ ಕೆಲಸ ಮರೆತೆ. ಕಾರು ಮರೆತುಹೋಯಿತು, ಹಾಳೆ ಮರೆತುಹೋಯಿತು. ಅಪ್ಪ ಇದೇ ಸಂಧಿ ಹೇಳುವಾಗ ನಾನು ಕುದುರೆಯ ಜೊತೆಗೆ ಹೊಳೆ ದಾಟಿಬಿಡುತ್ತಿದ್ದೆ. ಇವರು ಹೇಳಿದಾಗ ದಾಟಲಾಗಲಿಲ್ಲ. ದಡದಲ್ಲಿ ನಿಂತವನ ಪಂಚೆಯ ಅಂಚು ನೀರಿಗೆ ನೆನೆಯುವುದು ಕಾಣುತ್ತಿತ್ತು. ಅವರು ಮುಗಿಸಿ, ಬಾಗಿಲು ತೆರೆದು, ಕಾರು ಹೊರಟು ಹೋದ ಮೇಲೂ ನಾನು ಸೌದೆಯ ಮೇಲೆಯೇ ಕೂತಿದ್ದೆ.

ಊರೆಲ್ಲ ಪೆಟ್ರೋಲ್ ಬಂಕಿನ ಮುಂದೆ ಕಾಯುತ್ತಿತ್ತು. ಬಿಸಿಲೇರಿದ ಮೇಲೆ ದೇವಾಜಮ್ಮಣ್ಣಿಯವರು ಕಾರು ತಂದು ನಿಲ್ಲಿಸಿದರು, ಪಕ್ಕದಲ್ಲಿ ಸಿರಾಜ್. ಬಲಗಡೆ ಹಾಳೆಯ ಮೇಲೆ ಹಳದಿ ಹುಳುರಸ, ಅಲ್ಲಲ್ಲಿ ಗೀಚು, ಬಂಪರಿನ ಹತ್ತಿರ ಭತ್ತದ ಕಾಳಿನಷ್ಟು ಒಂದು ಸೀಳು. ಸಿರಾಜ್ ಒರೆಸಿದರು, ಬಿಸಿನೀರು ಸುರಿದರು. ಗೀಚುಗಳು ಹೋದವು, ಸೀಳು ಉಳಿಯಿತು. ಮೂಲೆಯಿಂದ ಹಾಳೆ ಎತ್ತಿ ತೋರಿಸಿದರು. ಒಳಗೆ ಬಣ್ಣ ಹೇಗಿತ್ತೋ ಹಾಗೇ ಇತ್ತು.

"ಒಳಗೆ ಚೆನ್ನಾಗಿದೆ, ನಾನೇನು ಇಲ್ಲ ಅಂದ್ನಾ?" ಎಂದರು ದೇವಾಜಮ್ಮಣ್ಣಿಯವರು. "ಮದುಮಕ್ಕಳಿಗೆ ಹಾಳೆ ಕಿತ್ತು ಕಿತ್ತು ತೋರಿಸ್ಲಾ?"

"ಹೊಸ ಹಾಳೆ ಹಾಕ್ಬೋದಮ್ಮ."

"ಇರಿ, ಈ ಕಡೆ ನೋಡೋಣ."

ಜನ ಎಡಗಡೆಗೆ ಬಾಗಿದರು. ನಾನೂ ನುಗ್ಗಿ ಬಾಗಿದೆ. ಏನೂ ಇರಲಿಲ್ಲ. ಒಂದು ಚುಕ್ಕೆ ಇಲ್ಲ, ಒಂದು ರೆಕ್ಕೆ ಇಲ್ಲ. ನಂಬಿಕೆಯಾಗದೆ ಕೈಯಿಟ್ಟು ಸವರಿದೆ. ಆಗ ತಾನೇ ಎಣ್ಣೆ ಹಚ್ಚಿ ನೀವಿದ ಹಾಗೆ ನುಣ್ಣಗಿತ್ತು. ಜನ ನಮ್ಮವರ ಬೆನ್ನು ತಟ್ಟಿದರು. ಸಿರಾಜ್ ನಮ್ಮವರ ಕೈ ಹಿಡಿದುಕೊಂಡು, "ಅಣ್ಣಾ, ನಿಮ್ಮ ಹಾಳೆ ನಂದಕ್ಕಿಂತ ತೆಳು," ಎಂದರು. ಗಮಕಿಯನ್ನು ಇಟ್ಟುಕೊಳ್ಳಲಾಗದವರು ಸಾಹೇಬರ ಹಾಳೆಗೆ ಸಾಲು ನಿಂತರು, ಅವರಿಗೂ ಬೇಸರವಾಗಲಿಲ್ಲ. ಎಲ್ಲರೂ ಸಂತೋಷವಾಗಿದ್ದರು. ನಾನು ಮಾತ್ರ ಕಾರಿನ ಮೇಲಿಟ್ಟ ಕೈ ತೆಗೆಯದೆ ನಿಂತಿದ್ದೆ.

ಯಾಕೆಂದರೆ ನಾನು ಎಲ್ಲವನ್ನೂ ಕೇಳಿದ್ದೆ. ಒಂದಕ್ಷರ ಬಿಡದೆ ನನ್ನ ಕಿವಿಗೆ ಇಳಿದಿತ್ತು, ಆದರೂ ಬಣ್ಣಕ್ಕೆ ಏನೂ ಕಡಿಮೆ ಬಿದ್ದಿರಲಿಲ್ಲ. ಅಂದರೆ ಇಷ್ಟು ವರ್ಷವೂ ಬೀಳುತ್ತಿರಲಿಲ್ಲ. ನಾನು ದಿನವೂ ಆ ಶೆಡ್ಡಿನಲ್ಲಿ ಕೂರಬಹುದಿತ್ತು. ಹಬ್ಬದ ದಿನ ಪಡಸಾಲೆಯಲ್ಲಿ ಕೇಳಬಹುದಿತ್ತು. ಕಾರು ಸೋಲಲೆಂದು ಹೋದವಳು ನಾನೇ ಸೋತು ಬಂದಿದ್ದೆ. ಇವರಿಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ನನ್ನನ್ನು ಹೊರಗೆ ಇಟ್ಟರೇ? ಮನೆಗೆ ಬಂದು ಅವರಿಗೆ ಪಾಯಸ ಮಾಡಿ ಬಡಿಸಿದೆ. ಗೊತ್ತಿತ್ತೇ ಎಂದು ಅವರನ್ನು ಕೇಳಬೇಕೆಂದರೆ ನಾನು ಕದ್ದು ಕೇಳಿದ್ದನ್ನು ಹೇಳಬೇಕು, ಯಾಕೆ ಕೇಳಿದೆನೆಂದೂ ಹೇಳಬೇಕು. ಅದರ ಬದಲು ಇನ್ನೊಂದು ಸೌಟು ಪಾಯಸ ಹಾಕಿದೆ. "ಸಾಕು," ಎಂದರು ಅವರು.

ಮರುದಿನ ಅವರು ಹೋದ ಮೇಲೆ ನಾನೂ ಹೊರಟೆ. ಈ ಸಲ ಸೌದೆ ಕೊಟ್ಟಿಗೆಗಲ್ಲ, ಶೆಡ್ಡಿನ ಬಾಗಿಲನ್ನೇ ತಳ್ಳಿ ಒಳಗೆ ಹೋದೆ. ಅವರು ಮಣೆಯ ಮೇಲೆ ಕೂತು ಇನ್ನೂ ಶುರು ಮಾಡಿರಲಿಲ್ಲ.

"ಏನೇ, ಮನೇಲಿ ಏನಾಯ್ತು?"

"ಏನೂ ಇಲ್ಲ. ಕೇಳೋಣ ಅಂತ ಬಂದೆ."

"ತಲೆ ಕೆಟ್ಟಿದ್ಯಾ? ಬಣ್ಣಕ್ಕೆ ಕಡಿಮೆ ಬೀಳತ್ತೆ."

"ನಿನ್ನೆ ಬಿತ್ತಾ?"

ಅವರು ನನ್ನನ್ನೇ ನೋಡಿದರು. ನಾನು ಹಿಂದಿನ ಹಲಗೆಯ ಕಡೆಗೆ ಕೈ ತೋರಿಸಿದೆ. "ಅಲ್ಲಿದ್ದೆ. ಮೊದಲಿಂದ ಕೊನೇವರೆಗೂ ಕೇಳಿದೀನಿ."

"ಹಾಳಾಗ್ಲಿ ಅಂತ ಕೇಳಿದ್ಯಾ?"

"ಹೂಂ. ಹಾಳಾಗ್ಲಿ ಅಂತಾನೇ."

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾನೇ ಕೇಳಿದೆ, "ನಿಮಗೆ ಗೊತ್ತಿತ್ತಾ? ಊರಿನ ಮಾತು ಸುಳ್ಳು ಅಂತ?"

"ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಳೋಕೂ ಹೋಗ್ಲಿಲ್ಲ. ನಂಗೆ ಅದು ಅನುಕೂಲವಾಗಿತ್ತು ಕಣೇ."

"ಏನು ಅನುಕೂಲ?"

"ಮದುವೆ ಹೊಸದರಲ್ಲಿ ಸಂಜೆ ಹೊತ್ತು ನಿಂಗೆ ಹೇಳ್ತಿದ್ನಲ್ಲ. ನೀನು ಕಣ್ಣು ಮುಚ್ಕೊಂಡು ಕೂರ್ತಿದ್ದೆ. ನಾನು ಹೇಳೋಕೆ ಮುಂಚೆನೇ ನಿನ್ ತುಟಿ ಮುಂದೆ ಹೋಗ್ತಿತ್ತು, ನಿಮ್ಮಪ್ಪನ ಜೊತೆ. ನಾನು ಉಸಿರು ತಗೊಂಡ ಕಡೆ ನಿನ್ ಬೆರಳು ಮೇಲಕ್ಕೆ ಏಳ್ತಿತ್ತು. ಅಯ್ಯೋ, ಇಲ್ಲಿ ಎಳೀಬೇಕು ಅನ್ನೋ ಹಾಗೆ. ನೀನು ಕೇಳ್ತಿದ್ದದ್ದು ನನ್ನನ್ನಲ್ಲ, ಅವರನ್ನ. ಅವರು ಹೋದ್ಮೇಲೆ ಇನ್ನೂ ಜಾಸ್ತಿಯಾಯ್ತು. ಸತ್ತೋರ ಜೊತೆ ಯಾರು ಪೈಪೋಟಿ ಮಾಡ್ತಾರೆ?" ಅವರು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟರು. "ಇದಕ್ಕೆ ಅಪ್ಪ ಇಲ್ಲ ನೋಡು."

ನನ್ನ ಬೆರಳಿನ ಸುದ್ದಿ ನನಗೇ ಗೊತ್ತಿರಲಿಲ್ಲ. ಅದನ್ನು ಎತ್ತಿ ನೋಡಿಕೊಂಡೆ, ಬೇರೆ ಯಾರದೋ ಎಂಬ ಹಾಗೆ. ನಾನು ಕಾರಿನ ಮೇಲೆ ಉರಿಯುತ್ತಿದ್ದ ಅಷ್ಟೂ ಕಾಲ ಇವರು ಅಪ್ಪನ ಮೇಲೆ ಉರಿಯುತ್ತಿದ್ದರು. ಒಂದೇ ಮನೆಯಲ್ಲಿ ಎರಡು ಒಲೆ ಹಚ್ಚಿಕೊಂಡು ಕೂತಿದ್ದೆವು. ಇಷ್ಟು ತಿಳಿದರೂ ನನ್ನ ಕಿಚ್ಚು ಆರಿತೆಂದು ಹೇಳಲಾರೆ. ಅಪ್ಪ ಹೋಗಿ ಬಹಳ ಕಾಲವಾಗಿತ್ತು, ಕಾರು ಎದುರಿಗೇ ಇತ್ತು.

"ನನ್ನ ಕಡೆ ನೋಡ್ಬೇಡಿ," ಎಂದೆ. "ಅದಕ್ಕೇ ಹೇಳಿ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಮುಂದಿನ ಚಕ್ರದ ಪಕ್ಕಕ್ಕೆ ನೆಲದ ಮೇಲೆ ಕೂತೆ. ಹೆಡ್‌ಲೈಟು ನನ್ನ ಕಿವಿಯ ಎತ್ತರಕ್ಕೇ ಇತ್ತು. ಅವರು ಒಲ್ಲದ ಮನಸ್ಸಿನಿಂದ ಶುರು ಮಾಡಿದರು, ಆಮೇಲೆ ಕಾವ್ಯವೇ ಅವರನ್ನು ಎಳೆದುಕೊಂಡು ಹೋಯಿತು. ಕುದುರೆ ನಿಂತಿತು, ಗೆಜ್ಜೆಯ ಸದ್ದು ಅಡಗಿತು. "ಮರಳಿ" ಎಂಬಲ್ಲಿ ಅವರು ಉಸಿರು ತೆಗೆದುಕೊಂಡರು. ಅಪ್ಪ ಅಲ್ಲಿ ಎಳೆಯುತ್ತಿದ್ದರು, ಹೊಳೆಯ ಅಗಲ ಕಾಣುವಷ್ಟು. ನನ್ನ ಬೆರಳು ಎದ್ದಿತ್ತು. ಇನ್ನೊಂದು ಕೈಯಿಂದ ಒತ್ತಿ ಹಿಡಿದೆ, ಆದರೆ ಅವರು ನೋಡಿಯಾಗಿತ್ತು. ಧ್ವನಿ ಒಂದು ಸಲ ತೊದಲಿತು, ಮುಂದಕ್ಕೆ ಹೋಯಿತು.

ಆ ಸಂಜೆ ಪುಟ್ಟತಾಯಮ್ಮ ಬೇಲಿಯ ಹತ್ತಿರ ಕಾದು ನಿಂತಿದ್ದಳು. "ನಿನ್ ಸವತಿಗೆ ಮೊಡವೆ ಎದ್ದಿದೆಯಂತೆ ಚೂಡಮ್ಮ." ನಾನೂ ನಮ್ಮವರೂ ಹೋಗಿ ನೋಡಿದೆವು. ಎಡಗಡೆ ಹೆಡ್‌ಲೈಟಿನ ಕೆಳಗೆ, ನಾನು ಕೂತಿದ್ದ ಕಡೆ, ಎಳ್ಳಿನಷ್ಟು ಬಣ್ಣ ಎದ್ದುಹೋಗಿತ್ತು. ನಮ್ಮವರ ಮುಖ ಬಿಳಿಚಿತು. ಕೆಲಸ ಹೋಗುವುದಿದ್ದರೆ ಆ ಎಳ್ಳಿನಿಂದಲೇ ಹೋಗಬೇಕಿತ್ತು. ದೇವಾಜಮ್ಮಣ್ಣಿಯವರು ಬಗ್ಗಿ ನೋಡಿದರು, ಉಗುರಿನಿಂದ ಮುಟ್ಟಿದರು, ನನ್ನ ಮುಖ ನೋಡಿದರು, ಅವರ ಮುಖ ನೋಡಿದರು.

"ಇರ್ಲಿ ಬಿಡಿ ಸಿಂಗ್ರಯ್ಯನೋರೇ," ಎಂದರು. "ದೃಷ್ಟಿಬೊಟ್ಟು ಇಟ್ಟ ಹಾಗಿದೆ. ಮದುವೆ ಕಾರಿಗೆ ಇಷ್ಟು ದಿನ ಅದಿಲ್ಲದೇ ಇದ್ದದ್ದೇ ತಪ್ಪು."

ಮನೆಯ ಹತ್ತಿರ ಬಂದ ಮೇಲೆ ನಮ್ಮವರು ನಿಂತರು. "ಕದ್ದು ಕೇಳಿದ ದಿನ ಏನೂ ಆಗ್ಲಿಲ್ಲ. ಇವತ್ತು ಆಯ್ತು."

"ಲಾರಿ ಕಲ್ಲು ಇರ್ಬೋದು."

"ಇರ್ಬೋದು. ಎಲ್ಲಿ ತಪ್ಪಿದೆ ಹೇಳು. ನಿಮ್ಮಪ್ಪ ಎಲ್ಲಿ ಎಳೀತಿದ್ರು?"

"ಮರ್ತೋಗಿದೆ."

"ಸುಳ್ಳು. ಮರೆಯೋ ಕಿವಿ ಅಲ್ಲ ನಿಂದು."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರು ಬಾಗಿಲಲ್ಲೇ ನಿಂತಿದ್ದರು, ಉತ್ತರ ಬರುವ ತನಕ ಒಳಗೆ ಬರುವುದಿಲ್ಲವೆಂಬ ಹಾಗೆ. ನನಗೆ ಮಾತು ಬಲ್ಲವರ ಹಾಗೆ ಹೇಳಲು ಬರುವುದಿಲ್ಲ. ಕೇಳುವುದೊಂದೇ ಗೊತ್ತು. ಬೆನ್ನು ತಿರುಗಿಸಿಕೊಂಡು, ದೀಪದ ಬತ್ತಿ ಹೊಸೆಯುತ್ತ ಹೇಳಿದೆ. "ಅಪ್ಪ ಹೇಳ್ತಿದ್ದಾಗ ನಾನು ಕುದುರೆ ಜೊತೆ ದಾಟಿ ಹೋಗ್ಬಿಡ್ತಿದ್ದೆ. ಸೌದೆ ಕೊಟ್ಟಿಗೇಲಿ ನಿಮ್ಮನ್ನ ಕೇಳ್ದಾಗ ದಾಟೋಕಾಗ್ಲಿಲ್ಲ. ದಡದಲ್ಲಿ ನಿಂತೋನು ಒಬ್ಬನೇ ಆಗ್ಬಿಡ್ತಾನಲ್ಲ ಅನ್ನಿಸ್ತು. ಅಪ್ಪ ಹೇಳ್ದಾಗ ಅವನು ನಂಗೆ ಯಾವತ್ತೂ ಕಂಡೇ ಇರ್ಲಿಲ್ಲ."

ಸ್ವಲ್ಪ ಹೊತ್ತಿಗೆ ಕೈಕಾಲು ತೊಳೆಯುವ ನೀರಿನ ಸದ್ದು ಬಂತು.

ಬೆಳಿಗ್ಗೆ ಅವರು ಎಂದಿನ ಹಾಗೆ ಮಿಂದು, ನಾಮ ಎಳೆದು, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. ಹೊಸ್ತಿಲ ತನಕ ಹೋದವರು ತಿರುಗಿ ಬಂದು ಪಡಸಾಲೆಯಲ್ಲಿ ಬರೀ ನೆಲದ ಮೇಲೆ ಕೂತರು. ನಾನು ಹಾಲು ಒಲೆಯಿಂದ ಇಳಿಸಿ ಎದುರಿಗೆ ಬಂದು ಕೂತೆ. ಕಣ್ಣು ಮುಚ್ಚಲಿಲ್ಲ. ಅವರು ಹೇಳತೊಡಗಿದರು. ಅವರ ಕೊರಳಿನ ನರ ಹೇಗೆ ಉಬ್ಬುತ್ತದೆ, "ಒಡೆಯ" ಎನ್ನುವಾಗ ಹುಬ್ಬು ಹೇಗೆ ಕೂಡುತ್ತದೆ ಎಂಬುದನ್ನು ನಾನು ಆವತ್ತೇ ಮೊದಲು ನೋಡಿದ್ದು. ಇಷ್ಟನ್ನೂ ಆ ಕಾರು ದಿನಾ ನೋಡುತ್ತಿತ್ತಲ್ಲ ಎಂದು ಹಳೇ ಉರಿ ಒಂದು ಸಲ ಎದ್ದಿತು. "ಮರಳಿ" ಎಂಬಲ್ಲಿ ಅವರು ಉಸಿರು ತೆಗೆದುಕೊಂಡರು. ನನ್ನ ಬೆರಳು ಎದ್ದಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅವರನ್ನು ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿದ್ದರು.

ಆಗ ಬೀದಿಯ ತುದಿಯಿಂದ ಹಾರನ್ ಕೇಳಿಸಿತು. ಒಮ್ಮೆ ಸಣ್ಣಗೆ, ಮತ್ತೊಮ್ಮೆ ಉದ್ದಕ್ಕೆ. ಅವರು ಪದ್ಯದ ನಡುವೆ ನಿಲ್ಲಿಸಿ ಬಾಗಿಲ ಕಡೆ ನೋಡಿದರು.

"ಕಾಯ್ತಾ ಇದೆ ಕಣೇ."

"ಕಾಯ್ಲಿ," ಎಂದೆ. "ಮುಂದಕ್ಕೆ ಹೇಳಿ."